ಘಾನಾಕ್ಕೆ ಹೊಸದಾಗಿ ಹೊರಟವರಿಗೆ: ಮೊದಲು ಮಾತಾಡಿಸಿ, ಆಮೇಲೆ ಕೆಲಸ

ಅಕ್ರಾದಲ್ಲೋ ಟೆಮಾದಲ್ಲೋ ಕೆಲಸ ಸಿಕ್ಕಿ ಹೊರಟ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ತೊಗರಿಬೇಳೆ ಸಿಗುತ್ತದಾ? ಮಲೇರಿಯಾ ಕಾಟ ಎಷ್ಟು? ಕರೆಂಟು ಇರುತ್ತದಾ? ಎಲ್ಲಕ್ಕೂ ಕೆಳಗೆ ಉತ್ತರ ಕೊಟ್ಟಿದ್ದೇನೆ. ಆದರೆ ಇಲ್ಲಿ ಬದುಕಿ ನನಗೆ ಖಾತ್ರಿಯಾದ ಸಂಗತಿ ಬೇರೆ. ಘಾನಾದ ಜನ ಯಾವ ಕೆಲಸಕ್ಕೂ ಮೊದಲು ಎದುರಿಗಿರುವವರನ್ನು ಮಾತಾಡಿಸುತ್ತಾರೆ. ಆ ರೂಢಿ ಕಲಿತವರಿಗೆ ಊರು ಬೇಗ ಒಗ್ಗುತ್ತದೆ. ಕಲಿಯದವರು ವರ್ಷಗಟ್ಟಲೆ ಇದ್ದರೂ ಕಂಪನಿ ಕಾಂಪೌಂಡಿನೊಳಗೇ ಉಳಿದುಬಿಡುತ್ತಾರೆ. ಹಾಗಾಗಿ ಕಾಗದಪತ್ರಗಳ ಜೊತೆಗೆ ಈ ರೂಢಿಗಳನ್ನೂ ಸೇರಿಸಿಕೊಂಡು ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಅನುಮೋದಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಸಿಗುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಅಕ್ರಾದ ವಿಮಾನ ನಿಲ್ದಾಣದಲ್ಲಿ ಅದನ್ನು ತೋರಿಸಬೇಕು. ಊರಿಗೆ ವಾಪಸ್ ಬರುವಾಗ ಭಾರತದಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನಿನಲ್ಲಿ ಕೂರಿಸಬಹುದು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಮಲೇರಿಯಾ ತಡೆಯುವ ಮಾತ್ರೆ ಬೇಕಾ, ಯಾವುದು ಬೇಕು ಎನ್ನುವುದನ್ನು ಅದೇ ಓಡಾಟದಲ್ಲಿ ವೈದ್ಯರ ಹತ್ತಿರ ಮಾತಾಡಿಕೊಳ್ಳಿ.

ಬಟ್ಟೆ ವಿಷಯದಲ್ಲಿ ಎರಡು ಮಾತು. ಮಿಲಿಟರಿ ಬಣ್ಣದ ಮಚ್ಚೆ ಮಚ್ಚೆ ಪ್ಯಾಂಟು, ಟೀ ಶರ್ಟು, ಟೋಪಿ ಮನೆಯಲ್ಲೇ ಬಿಟ್ಟು ಬನ್ನಿ. ನಾಗರಿಕರು ಅದನ್ನು ಹಾಕುವಂತಿಲ್ಲ. ಇನ್ನು, ಇಲ್ಲಿನವರು ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು ಇಲ್ಲದೆ ಕಚೇರಿಗೆ ಬರುವುದು ಕಡಿಮೆ. ಸುಕ್ಕು ಬಿದ್ದ ಅಂಗಿ, ಚಪ್ಪಲಿ ಹಾಕಿಕೊಂಡು ಹೋದರೆ ನೀವು ಅವರಿಗೆ ಬೆಲೆ ಕೊಡಲಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಆದರೆ ಹೆಚ್ಚಿನ ಕಡೆ ಚೌಕ ಪಿನ್ನಿನ ಬ್ರಿಟಿಷ್ ಪ್ಲಗ್ ಇರುತ್ತದೆ, ಅಡಾಪ್ಟರ್ ಬೇಕಾಗುತ್ತದೆ. ಗಡಿಯಾರವನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ.

ಮೊದಲ ವಾರ: ಸಿಮ್, ದುಡ್ಡು, ವಿಳಾಸ

ಸಿಮ್ಮನ್ನು ಪಾಸ್‌ಪೋರ್ಟ್ ಹಿಡಿದುಕೊಂಡು ಮೊಬೈಲ್ ಕಂಪನಿಯ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ, ನಿಮ್ಮ ಹೆಸರಿಗೇ ನೋಂದಣಿಯಾಗಲಿ. ಯಾಕೆಂದರೆ ನಿಮ್ಮ ಪರ್ಸು ಅದರೊಳಗೇ ಇರುತ್ತದೆ. ಇಲ್ಲಿ ಮೊಬೈಲ್ ಮನಿಗೆ ಎಲ್ಲರೂ ಮೊಮೊ ಅನ್ನುತ್ತಾರೆ. ಎಳನೀರಿನವನಿಂದ ಹಿಡಿದು ಮನೆ ಬಾಡಿಗೆವರೆಗೂ ಅದರಲ್ಲೇ ನಡೆಯುತ್ತದೆ. ರಸ್ತೆ ಬದಿಯ ಹಳದಿ ಕೊಡೆ, ಹಳದಿ ಗೂಡಂಗಡಿ ಕಂಡರೆ ಅಲ್ಲಿ ನಗದು ಕೊಟ್ಟು ಫೋನಿಗೆ ಹಾಕಿಸಬಹುದು, ಫೋನಿನಿಂದ ನಗದು ತೆಗೆಯಬಹುದು. ದುಡ್ಡು ಕಳಿಸುವ ಮುನ್ನ ತೆರೆಯ ಮೇಲೆ ಪಡೆಯುವವರ ಹೆಸರು ಬರುತ್ತದೆ, ಅದನ್ನು ಓದಿಯೇ ಒಪ್ಪಿಗೆ ಕೊಡಿ. "ನಿಮಗೆ ತಪ್ಪಿ ದುಡ್ಡು ಬಂದಿದೆ, ವಾಪಸ್ ಕಳಿಸಿ" ಎಂದು ಯಾರಾದರೂ ಫೋನ್ ಮಾಡಿದರೆ ಬ್ಯಾಲೆನ್ಸ್ ನೋಡದೆ ಒಂದು ಪೆಸೆವಾ (ಇಲ್ಲಿನ ಪೈಸೆ) ಕೂಡ ಕಳಿಸಬೇಡಿ. ಅದು ಹಳೆಯ ಮೋಸ.

ನಾಣ್ಯ ಸೆಡಿ, ಅದರ ನೂರನೇ ಭಾಗ ಪೆಸೆವಾ. 2007ರಲ್ಲಿ ಹಳೆಯ 10,000 ಸೆಡಿಯನ್ನು ಹೊಸ 1 ಸೆಡಿ ಮಾಡಿದರು. ವಯಸ್ಸಾದ ವ್ಯಾಪಾರಿಗಳು ಒಮ್ಮೊಮ್ಮೆ ಈಗಲೂ ಹಳೆಯ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ. ಎರಡು ಸೆಡಿಗೆ ಇಪ್ಪತ್ತು ಸಾವಿರ ಅಂದರೆ ಗಾಬರಿಯಾಗಬೇಡಿ.

ವಾಸದ ಪರವಾನಗಿ ಮತ್ತು ವಿದೇಶಿಯರಿಗೆ ಕೊಡುವ ಘಾನಾ ಕಾರ್ಡ್, ಎರಡನ್ನೂ ಕಂಪನಿಯವರು ಮಾಡಿಸಿಕೊಡಬೇಕು. ಬಂದ ದಿನದಿಂದಲೇ ಬೆನ್ನು ಹತ್ತಿ. ಬ್ಯಾಂಕ್ ಖಾತೆಯಿಂದ ಹಿಡಿದು ಎಲ್ಲ ಕಡೆ ಆ ಕಾರ್ಡನ್ನೇ ಕೇಳುತ್ತಾರೆ. ವಿಳಾಸಕ್ಕೆ ಘಾನಾಪೋಸ್ಟ್ ಜಿಪಿಎಸ್ ಎಂಬ ಆ್ಯಪ್ ಇದೆ, ಪ್ರತಿ ಜಾಗಕ್ಕೂ ಒಂದು ಸಂಕೇತ ಕೊಡುತ್ತದೆ. ಫಾರ್ಮಿನಲ್ಲಿ ಅದನ್ನು ಬರೆಯಿರಿ. ಮನುಷ್ಯರಿಗೆ ದಾರಿ ಹೇಳುವಾಗ ಮಾತ್ರ ಪೆಟ್ರೋಲ್ ಬಂಕು, ಚರ್ಚು, ದೊಡ್ಡ ಮಾವಿನ ಮರ, ಇವೇ ಸರಿ.

ಮಾತಾಡಿಸುವ ಕ್ರಮ

ಔಷಧದ ಅಂಗಡಿಗೆ ಹೋಗಿ ನೇರವಾಗಿ "ಒಂದು ಪ್ಯಾರಾಸಿಟಮಾಲ್" ಅಂದುಬಿಟ್ಟರೆ ಕೌಂಟರಿನ ಹೆಣ್ಣುಮಗಳು ನಿಮ್ಮ ಮುಖ ನೋಡಿ, ನಿಧಾನಕ್ಕೆ "ಗುಡ್ ಮಾರ್ನಿಂಗ್" ಎಂದು ಸುಮ್ಮನಾಗುತ್ತಾಳೆ. ನೀವು ತಿರುಗಿ ಗುಡ್ ಮಾರ್ನಿಂಗ್ ಹೇಳುವವರೆಗೆ ಮಾತ್ರೆ ಕೆಳಗಿಳಿಯುವುದಿಲ್ಲ. ಅದರಲ್ಲಿ ಕೋಪವಿಲ್ಲ, ನಿಮಗೆ ದಾರಿ ತೋರಿಸುತ್ತಿದ್ದಾಳೆ ಅಷ್ಟೇ. ಗೇಟಿನ ಕಾವಲುಗಾರ, ಲಿಫ್ಟಿನಲ್ಲಿ ಸಿಕ್ಕವರು, ಟ್ಯಾಕ್ಸಿ ಚಾಲಕ, ಬ್ಯಾಂಕಿನ ಗುಮಾಸ್ತ, ಎಲ್ಲರ ಜೊತೆಗೂ ಇದೇ ಕ್ರಮ. ಕೋಣೆಯೊಳಗೆ ಬಂದವರೇ ಮೊದಲು ಮಾತಾಡಿಸಬೇಕು, ಕೂತವರು ಕಾಯುತ್ತಾರೆ. ನಾಲ್ಕಾರು ಜನ ಕೂತಿದ್ದರೆ ನಿಮ್ಮ ಬಲಗಡೆಯವರಿಂದ ಶುರು ಮಾಡಿ ಎಡಕ್ಕೆ ಸಾಗುತ್ತಾ ಒಬ್ಬೊಬ್ಬರಿಗೂ ಕೈ ಕೊಡಿ. ಮಧ್ಯದಲ್ಲಿರುವ ಸಾಹೇಬರಿಗೆ ಮೊದಲು ಕೈ ಕೊಡಲು ಹಾರಬೇಡಿ.

ಕೈ ಕುಲುಕುವುದಕ್ಕೂ ಒಂದು ವರಸೆ ಇದೆ. ಕೈ ಬಿಡುವಾಗ ಇಬ್ಬರೂ ಹೆಬ್ಬೆರಳು ಮತ್ತು ನಡುಬೆರಳಿನಿಂದ ಒಬ್ಬರ ನಡುಬೆರಳನ್ನು ಇನ್ನೊಬ್ಬರು ಹಿಡಿದು ಜಾರಿಸಿ ಚಿಟಿಕೆ ಹೊಡೆಯುತ್ತಾರೆ. ಟಪ್ ಎಂದು ಸದ್ದು ಬಂದರೆ ಎರಡೂ ಕಡೆ ನಗು. ಇದು ಸಮವಯಸ್ಕರ ನಡುವೆ ಮಾತ್ರ. ಹಿರಿಯರ ಜೊತೆ ಸಾದಾ ಹಸ್ತಲಾಘವ, ತಲೆ ಸ್ವಲ್ಪ ಬಗ್ಗಿರಲಿ.

ಎಡಗೈ ವಿಚಾರ ನಮಗೂ ಗೊತ್ತಿರುವುದೇ, ಆದರೆ ನಮ್ಮ ಊರುಗಳಲ್ಲಿ ಅದು ಸಡಿಲವಾಗಿದೆ. ಇಲ್ಲಿ ಸಡಿಲವಾಗಿಲ್ಲ. ಎಡಗೈಯಲ್ಲಿ ದುಡ್ಡು ಕೊಡಬಾರದು, ಸಾಮಾನು ತೆಗೆದುಕೊಳ್ಳಬಾರದು, ದಾರಿ ತೋರಿಸಬಾರದು, ಟಾಟಾ ಕೂಡ ಮಾಡಬಾರದು. ಬಲಗೈಯಲ್ಲಿ ಚೀಲವಿದ್ದರೆ ಅದನ್ನು ಕೆಳಗಿಟ್ಟು ಕೊಡಿ. ಎಡಗೈ ಬಳಸಲೇಬೇಕಾದಾಗ ಇಲ್ಲಿನವರು "ಸಾರಿ ಫಾರ್ ಲೆಫ್ಟ್" ಎಂದು ಹೇಳಿಯೇ ಕೊಡುತ್ತಾರೆ. ನೀವೂ ಹಾಗೇ ಹೇಳಿ.

ಆಡಳಿತ ಭಾಷೆ ಇಂಗ್ಲಿಷ್, ಆದರೆ ಅಕ್ರಾದ ಬೀದಿಯಲ್ಲಿ ಹೆಚ್ಚು ಓಡುವುದು ಟ್ವಿ. ಊರಿನ ಮೂಲನಿವಾಸಿಗಳಾದ ಗಾ ಜನರಿಗೆ ಅವರದೇ ಭಾಷೆ ಇದೆ. ಪೂರ್ವದ ವೋಲ್ಟಾ ಕಡೆ ಎವೆ, ಉತ್ತರದ ಟಮಾಲೆಯಲ್ಲಿ ದಗ್ಬಾನಿ. ಟ್ವಿಯ ಐದು ಮಾತು ಸಾಕು: ಬೆಳಿಗ್ಗೆ ಮಾಚೆ, ಮಧ್ಯಾಹ್ನ ಮಾಹಾ, ಸಂಜೆ ಮಾಜೋ, ಧನ್ಯವಾದಕ್ಕೆ ಮೆದಾಸೆ, ದಯವಿಟ್ಟು ಎನ್ನಲು ಮೆಪಾಚೊ. ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಪ್ಲೀಸ್ ಧಾರಾಳವಾಗಿರಲಿ. "ಪ್ಲೀಸ್, ನೋ" ಎನ್ನುವಷ್ಟು ಧಾರಾಳ. ಹೆಸರು ಗೊತ್ತಿಲ್ಲದ ಹಿರಿಯ ಹೆಂಗಸಿಗೆ ಆಂಟಿ ಅಥವಾ ಮೇಡಂ, ಗಂಡಸಿಗೆ ಬಾಸ್, ಹಜ್ ಮಾಡಿದ ಮುಸ್ಲಿಂ ಹಿರಿಯರಿಗೆ ಅಲ್ಹಾಜಿ, ಹೆಂಗಸಾದರೆ ಹಜಿಯಾ.

ನೀವು ಹುಟ್ಟಿದ ವಾರ ಯಾವುದೆಂದು ತಿಳಿದುಕೊಂಡು ಬನ್ನಿ. ಟ್ವಿ ಆಡುವ ಅಕಾನ್ ಜನ ಮಗುವಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ. ಶನಿವಾರದ ಗಂಡು ಕ್ವಾಮೆ, ಹೆಣ್ಣು ಅಮಾ. ಶುಕ್ರವಾರ ಕೋಫಿ, ಅಫುವಾ. 1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಘೋಷಿಸಿದ ಕ್ವಾಮೆ ಎನ್‌ಕ್ರುಮಾ ಹುಟ್ಟಿದ್ದು ಶನಿವಾರ, ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಶುಕ್ರವಾರ. ಆಫೀಸಿನಲ್ಲಿ ವಾರ ಹೇಳಿದ ಗಳಿಗೆಯಿಂದ ನಿಮಗೂ ಒಂದು ಹೆಸರು ಬೀಳುತ್ತದೆ, ಬೀದಿಯಲ್ಲಿ ಅದೇ ಹೆಸರಿನವರು ನಿಮ್ಮನ್ನು ತಮ್ಮವರೆಂದು ಕರೆಯುತ್ತಾರೆ. ಮಕ್ಕಳು "ಒಬ್ರೋನಿ" ಎಂದು ಕೂಗಿದರೆ ವಿದೇಶಿ ಎಂದಷ್ಟೇ ಅರ್ಥ, ಬೈಗುಳವಲ್ಲ. ಕೈ ಬೀಸಿ, ಬಲಗೈಯನ್ನೇ.

ಓಡಾಟ

ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವುದನ್ನು ರೂಢಿಸಿಕೊಳ್ಳಿ, ನಮ್ಮ ಕತ್ತು ಅಭ್ಯಾಸಬಲದಿಂದ ಬಲಕ್ಕೇ ತಿರುಗುತ್ತದೆ. ಆ್ಯಪ್ ಕ್ಯಾಬುಗಳು ಧಾರಾಳವಾಗಿ ಸಿಗುತ್ತವೆ. ಬೀದಿಯ ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಬೆಲೆ ಮಾತಾಡಿ.

ಆದರೆ ನಗರ ಓಡಾಡುವುದು ಟ್ರೋಟ್ರೋದಲ್ಲಿ. ಹಳೆಯ ವ್ಯಾನು, ಹಿಂದಿನ ಗಾಜಿನ ಮೇಲೆ ದೊಡ್ಡಕ್ಷರದಲ್ಲಿ ದೇವರ ಮಾತು, ಬಾಗಿಲಲ್ಲಿ ನೇತಾಡುವ ಮೇಟ್. ಕಂಡಕ್ಟರಿಗೆ ಇಲ್ಲಿ ಮೇಟ್ ಎನ್ನುತ್ತಾರೆ. "ಸರ್ಕ್ ಸರ್ಕ್ ಸರ್ಕ್" ಎಂದು ಕೂಗುತ್ತಿದ್ದರೆ ಗಾಡಿ ಎನ್‌ಕ್ರುಮಾ ಸರ್ಕಲ್‌ಗೆ ಹೋಗುತ್ತದೆ. ತೋರುಬೆರಳನ್ನು ಕೆಳಗೆ ಮಾಡಿ ವೃತ್ತಾಕಾರವಾಗಿ ತಿರುಗಿಸಿದರೂ ಅದೇ ಅರ್ಥ. ನಿಲ್ದಾಣದಿಂದ ಹೊರಡುವ ಗಾಡಿ ಸೀಟು ತುಂಬುವವರೆಗೆ ಕದಲುವುದಿಲ್ಲ. ನಡುದಾರಿಯಲ್ಲೂ ಮಡಚುವ ಸೀಟುಗಳಿರುತ್ತವೆ; ಹಿಂದಿನವರು ಇಳಿಯುವಾಗ ಆ ಸಾಲಿನವರೆಲ್ಲ ಎದ್ದು, ಸೀಟು ಮಡಚಿ, ಕೆಳಗಿಳಿದು, ಮತ್ತೆ ಹತ್ತಬೇಕು. ಯಾರೂ ಗೊಣಗುವುದಿಲ್ಲ. ಟಿಕೆಟ್ ದುಡ್ಡು ಹಿಂದಿನಿಂದ ಕೈಯಿಂದ ಕೈಗೆ ಮುಂದಕ್ಕೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ದೊಡ್ಡ ನೋಟು ಕೊಡಬೇಡಿ. ಇಳಿಯುವ ಜಾಗ ಬರುವ ಸ್ವಲ್ಪ ಮೊದಲೇ "ಮೇಟ್, ಬಸ್ ಸ್ಟಾಪ್" ಎಂದು ಜೋರಾಗಿ ಹೇಳಿ.

ಕುಮಾಸಿಗೆ ಸುಮಾರು 250 ಕಿಲೋಮೀಟರ್, ಟಮಾಲೆಗೆ 600ರ ಮೇಲೆ. ದೂರದ ಊರುಗಳಿಗೆ ದೊಡ್ಡ ಎಸಿ ಬಸ್ಸುಗಳಿವೆ. ರಾತ್ರಿ ಹೆದ್ದಾರಿ ಪ್ರಯಾಣ ಬೇಡ, ಹಗಲಿನಲ್ಲೇ ಹೋಗಿ.

ಮನೆ

ಬಾಡಿಗೆಯ ಮುಂಗಡವೇ ಹೊಸಬರಿಗೆ ದೊಡ್ಡ ಹೊಡೆತ. 1963ರ ಬಾಡಿಗೆ ಕಾಯಿದೆ ಪ್ರಕಾರ ಆರು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ನಡೆಯುತ್ತಿರುವುದು ಮಾತ್ರ ಒಂದು ವರ್ಷ, ಎರಡು ವರ್ಷದ ಬಾಡಿಗೆ ಒಟ್ಟಿಗೆ ಕೇಳುವ ಪದ್ಧತಿ. ಸಂಬಳ ಮಾತಾಡುವಾಗಲೇ ಕಂಪನಿ ಈ ಮುಂಗಡ ಕೊಡುತ್ತದೆಯೇ, ಸಾಲವಾಗಿ ಕೊಟ್ಟು ತಿಂಗಳು ತಿಂಗಳು ಹಿಡಿದುಕೊಳ್ಳುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಮನೆ ನೋಡಲು ಹೋದಾಗ ನೀರಿನ ಪಾಲಿಟ್ಯಾಂಕ್ ಎಷ್ಟು ದೊಡ್ಡದು, ಕರೆಂಟಿನ ಪ್ರಿಪೇಯ್ಡ್ ಮೀಟರ್ ನಿಮಗೊಬ್ಬರಿಗೇ ಇದೆಯಾ ಅಥವಾ ಪಕ್ಕದ ಮನೆಯ ಜೊತೆ ಹಂಚಿಕೆಯಾ ಎಂದು ನೋಡಿ. ಕರೆಂಟು ಹೋಗಿ ಬರುವುದಕ್ಕೆ ಇಲ್ಲಿ ದುಮ್ಸೊ ಎನ್ನುತ್ತಾರೆ. ಇನ್ವರ್ಟರ್ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ಪಕ್ಕದ ಅಂಗಡಿಯವರನ್ನು ಮಾತಾಡಿಸಿ, ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದಾ ಎಂದು ಕೇಳಿ. ದಕ್ಷಿಣದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡ ಮಳೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಸಣ್ಣ ಮಳೆ. 2015ರ ಜೂನ್ 3ರ ರಾತ್ರಿ ಸರ್ಕಲ್ ಬಳಿ ಪ್ರವಾಹ, ಅದರ ಜೊತೆಗೇ ಪೆಟ್ರೋಲ್ ಬಂಕಿನಲ್ಲಿ ಬೆಂಕಿ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ಏಜೆಂಟ್ ನೀರಿನ ವಿಷಯ ಹೇಳುವುದಿಲ್ಲ, ಅಂಗಡಿಯಾಕೆ ಹೇಳುತ್ತಾಳೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸಿ ಮನೆಯೆಲ್ಲ ಧೂಳು. ಅಸ್ತಮಾ ಇರುವವರು ಔಷಧ ಹತ್ತಿರ ಇಟ್ಟುಕೊಳ್ಳಿ.

ಊಟ

ನಮ್ಮವರು ಇಲ್ಲಿನ ಊಟಕ್ಕೆ ಹೆದರುವಷ್ಟು ಇನ್ನಾವುದಕ್ಕೂ ಹೆದರುವುದಿಲ್ಲ. ಹೆದರಬೇಕಾಗಿಲ್ಲ. ಬೇಯಿಸಿದ ಮರಗೆಣಸು ಮತ್ತು ಬಾಳೆಯನ್ನು ಒರಳಲ್ಲಿ ಕುಟ್ಟಿದರೆ ಫುಫು. ಒಬ್ಬರು ಒನಕೆ ಎತ್ತಿ ಕುಟ್ಟುತ್ತಿದ್ದರೆ ಇನ್ನೊಬ್ಬರು ಒನಕೆ ಮೇಲೆ ಹೋದ ಅರೆಕ್ಷಣದಲ್ಲಿ ಕೈ ಹಾಕಿ ಹಿಟ್ಟನ್ನು ಮಗುಚುತ್ತಾರೆ. ಮಧ್ಯಾಹ್ನದ ಹೊತ್ತು ಓಣಿಯಲ್ಲಿ ಆ ಸದ್ದು ಕೇಳುತ್ತಲೇ ಇರುತ್ತದೆ. ಮಣ್ಣಿನ ಬೋಗುಣಿಯಲ್ಲಿ ಉಂಡೆ, ಸುತ್ತ ಶೇಂಗಾ ಸಾರೋ ತಾಳೆಹಣ್ಣಿನ ಸಾರೋ ತುಂಬಿ ಕೊಡುತ್ತಾರೆ. ಮಂಡ್ಯ, ಹಾಸನದ ಕಡೆಯವರಿಗೆ ಕಲಿಸಬೇಕಾದದ್ದೇನೂ ಇಲ್ಲ: ರಾಗಿ ಮುದ್ದೆಯಂತೆಯೇ ಬಲಗೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಮುದ್ದೆ ಉಣ್ಣುವವರು ಫುಫು ಉಣ್ಣುವುದನ್ನು ನೋಡಿದ ಘಾನಾದ ಅಡುಗೆಯವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಹುಳಿ ಬರಿಸಿದ ಜೋಳದ ಹಿಟ್ಟಿನದು ಬಂಕು ಮತ್ತು ಕೆಂಕಿ. ಇಲ್ಲಿ ಜೋಳ ಅಂದರೆ ಮೆಕ್ಕೆಜೋಳ. ಉತ್ತರದವರ ಮುದ್ದೆಯಾದ ತುವೊ ಝಾಫಿಗೆ ಸಜ್ಜೆ, ಬಿಳಿಜೋಳವೂ ಬಳಕೆಯಲ್ಲಿವೆ. ರೊಟ್ಟಿ ಬೇಕೆನ್ನುವ ಉತ್ತರ ಕರ್ನಾಟಕದವರು ಉತ್ತರ ಘಾನಾದ ಧಾನ್ಯ ಮಾರುವ ಹೆಂಗಸರನ್ನು ಹುಡುಕಿಕೊಳ್ಳಿ.

ಬೆಳಿಗ್ಗೆ ಎಲ್ಲಿ ಉದ್ದ ಸಾಲು ಕಂಡರೂ ಅಲ್ಲಿ ವಾಚೆ ಇರುತ್ತದೆ. ಅಕ್ಕಿ, ಅಲಸಂದೆ ಕಾಳನ್ನು ಬಿಳಿಜೋಳದ ಒಣ ಗರಿಯ ಜೊತೆ ಬೇಯಿಸಿದ್ದು. ಆ ಗರಿಯಿಂದಲೇ ಅನ್ನಕ್ಕೆ ಕಂದುಗೆಂಪು ಬಣ್ಣ. ಕೇಳುವ ಕ್ರಮ ಹೀಗೆ: ಇಷ್ಟು ಸೆಡಿಗೆ ಅನ್ನ, ಇಷ್ಟಕ್ಕೆ ಶಾವಿಗೆಯಂಥ ತಾಲಿಯಾ, ಮರಗೆಣಸಿನ ರವೆಯಂಥ ಗಾರಿ ಒಂದು ಹಿಡಿ, ಮೊಟ್ಟೆ ಒಂದು. ತೂಕ, ಪ್ಲೇಟಿನ ಲೆಕ್ಕವಿಲ್ಲ, ದುಡ್ಡಿನ ಲೆಕ್ಕ. ಹಸಿರೆಲೆಯಲ್ಲಿ ಕಟ್ಟಿಕೊಡುವವರ ಹತ್ತಿರವೇ ಕೊಳ್ಳಿ, ಬಿಸಿ ಅನ್ನಕ್ಕೆ ಎಲೆಯ ವಾಸನೆ ಹತ್ತಿ ರುಚಿಯೇ ಬೇರೆಯಾಗುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ನೆನಪಿಟ್ಟುಕೊಳ್ಳಿ: "ನೋ ಮೀಟ್" ಅಂದರೆ ಮೀನು ಬರುತ್ತದೆ. ಶಿತೊ ಎಂಬ ಕಪ್ಪು ಖಾರದಲ್ಲಿ ಒಣಮೀನು, ಸಿಗಡಿ ಪುಡಿ ಇರುತ್ತದೆ. ಸಾರುಗಳಿಗೆ ಮಾಂಸದ ಸಾರ ಇರಬಹುದಾದ ಮಸಾಲೆ ಕ್ಯೂಬ್ ಬೀಳುತ್ತದೆ. ಮಾಂಸ, ಮೀನು, ಸಿಗಡಿ, ಕ್ಯೂಬ್ ಎಂದು ಒಂದೊಂದನ್ನೂ ಹೆಸರಿಟ್ಟು ಬೇಡ ಎನ್ನಿ. ನಿಶ್ಚಿಂತೆಯಿಂದ ತಿನ್ನುವಂಥವೂ ಇವೆ. ಬೆಳಿಗ್ಗೆ ಶುಂಠಿ, ಲವಂಗ ಹಾಕಿದ ಹೌಸಾ ಕೋಕೊ ಗಂಜಿ, ಜೊತೆಗೆ ಅಲಸಂದೆ ರುಬ್ಬಿ ಕರಿದ ಕೋಸೆ. ಸಂಜೆ ಮಸಾಲೆ ಸವರಿ ಕರಿದ ಬಾಳೆಹಣ್ಣಿನ ಕೆಲೆವೆಲೆ. ಕೆಂಡದಲ್ಲಿ ಸುಟ್ಟ ಬಾಳೆಯ ಜೊತೆ ಹುರಿದ ಶೇಂಗಾ. ಮನೆಯಲ್ಲಿ ಅಡುಗೆ ಮಾಡುವವರಿಗೆ ಬೆಂಡೆ, ಬದನೆ, ತೆಂಗು, ಹಸಿಮೆಣಸು ಎಲ್ಲ ಸಂತೆಯಲ್ಲೇ ಸಿಗುತ್ತವೆ. ಕೊಂತೊಮಿರೆ ಎನ್ನುವುದು ಕೆಸುವಿನ ಬಳಗದ ಸೊಪ್ಪು, ಚೆನ್ನಾಗಿ ಬೇಯಿಸಬೇಕು. ತೊಗರಿಬೇಳೆ ಅಕ್ರಾದ ಭಾರತೀಯ ಅಂಗಡಿಗಳಲ್ಲಿದೆ, ಊರಿಗಿಂತ ದುಬಾರಿ. ಇಲ್ಲಿನ ಅಲಸಂದೆಯಲ್ಲೇ ಹುಳಿ ಮಾಡುವುದನ್ನು ಕಲಿತರೆ ಜೇಬಿಗೂ ಹಿತ.

ಇಲ್ಲಿ ಯಾರಾದರೂ ಊಟ ಮಾಡುತ್ತಿರುವಾಗ ನೀವು ಹೋದರೆ "ಯು ಆರ್ ಇನ್ವೈಟೆಡ್" ಎನ್ನುತ್ತಾರೆ. ಥ್ಯಾಂಕ್ಯೂ ಹೇಳಿ ಮುಂದೆ ಹೋಗಬಹುದು, ಕೂತು ಒಂದು ತುತ್ತು ತಿನ್ನಲೂಬಹುದು. ನೀವು ಡಬ್ಬಿ ಬಿಚ್ಚಿದಾಗಲೂ ಪಕ್ಕದವರಿಗೆ ಹಾಗೆ ಹೇಳಲೇಬೇಕು. ಹೇಳದೆ ಒಬ್ಬರೇ ತಿಂದರೆ ಬೇಸರಪಟ್ಟುಕೊಳ್ಳುತ್ತಾರೆ.

ಸಂತೆ

ಅಕ್ರಾದಲ್ಲಿ ಮಕೋಲಾ, ಕನೇಶಿ, ಕುಮಾಸಿಯಲ್ಲಿ ಕೆಜೆಟಿಯಾ. ಸಂತೆ ಹೆಂಗಸರ ರಾಜ್ಯ. ಒಂದೊಂದು ಸಾಮಾನಿನ ವ್ಯಾಪಾರಕ್ಕೂ ಒಬ್ಬ ಮುಖ್ಯಸ್ಥೆ ಇರುತ್ತಾಳೆ. ಟೊಮೆಟೊ, ಈರುಳ್ಳಿ ಗುಡ್ಡೆ ಲೆಕ್ಕದಲ್ಲಿ, ಕಾಳುಕಡ್ಡಿ ಒಲೊಂಕಾ ಎಂಬ ಡಬ್ಬಿಯ ಅಳತೆಯಲ್ಲಿ ಸಿಗುತ್ತವೆ. ಮೊದಲು ನಮಸ್ಕಾರ, ವ್ಯಾಪಾರ ಹೇಗಿದೆ ಎಂದು ವಿಚಾರಣೆ, ಆಮೇಲೆ ಬೆಲೆ. ತರಕಾರಿಗೆ ಹೆಚ್ಚು ಚೌಕಾಸಿ ಬೇಡ. ಬದಲಿಗೆ ಕೊಂಡ ಮೇಲೆ "ಆಂಟಿ, ಡ್ಯಾಶ್ ಮೀ" ಎಂದರೆ ನಾಲ್ಕು ಮೆಣಸಿನಕಾಯಿ, ಎರಡು ಟೊಮೆಟೊ ಕೊಸರು ಬೀಳುತ್ತದೆ. ಬಟ್ಟೆಗೆ ಚೌಕಾಸಿ ಮಾಡಿ. ತಲೆಯ ಮೇಲೆ ಅಗಲ ತಟ್ಟೆ ಹೊತ್ತ ಹುಡುಗಿಯರು ಕಾಯಾಯೇ, ಉತ್ತರದ ಬಡ ಊರುಗಳಿಂದ ಹೊರೆ ಹೊರಲು ಬಂದವರು. ಅವರ ಕೂಲಿಯಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ.

ಜ್ವರ ಬಂದರೆ

ಸೊಳ್ಳೆ ಪರದೆ ಬಳಸಿ. ಜ್ವರ, ಮೈಕೈ ನೋವು ಶುರುವಾದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಇಲ್ಲಿ ಹೆಚ್ಚಾಗಿ ಬರುವುದು ಫಾಲ್ಸಿಪಾರಮ್ ಮಲೇರಿಯಾ, ತಡಮಾಡಿದರೆ ಪ್ರಾಣಕ್ಕೇ ಕುತ್ತು. ಊರಿಗೆ ರಜೆಗೆ ಹೋದಾಗ ಜ್ವರ ಬಂದರೂ "ಪಶ್ಚಿಮ ಆಫ್ರಿಕಾದಿಂದ ಬಂದಿದ್ದೇನೆ" ಎನ್ನುವುದನ್ನೇ ಮೊದಲು ಡಾಕ್ಟರಿಗೆ ಹೇಳಿ. ತುರ್ತು ಕರೆಗೆ 112.

ಶನಿವಾರ, ಭಾನುವಾರ

ಶನಿವಾರ ಬೀದಿಯಲ್ಲಿ ಕಪ್ಪು, ಕೆಂಪು ಬಟ್ಟೆಯವರು ಗುಂಪು ಗುಂಪಾಗಿ ಕಂಡರೆ ಅದು ಶವಸಂಸ್ಕಾರಕ್ಕೆ ಹೊರಟ ನೆಂಟರಿಷ್ಟರು. ಸಾವು ಸಂಭವಿಸಿ ವಾರಗಟ್ಟಲೆ ಆದ ಮೇಲೆ, ದೂರದವರೆಲ್ಲ ಸೇರಿದ ಮೇಲೆ ಮಾಡುತ್ತಾರೆ. ತುಂಬು ಬಾಳು ಬಾಳಿದವರಾದರೆ ಕಪ್ಪು ಬಿಳುಪು ಬಟ್ಟೆ, ಸಂಗೀತ, ಕುಣಿತ. ಸಹೋದ್ಯೋಗಿಯ ತಾಯಿ ತೀರಿಕೊಂಡರೆ, ನೀವು ಆಕೆಯನ್ನು ನೋಡಿರದಿದ್ದರೂ ಹೋಗಿ. ಕೂತವರಿಗೆಲ್ಲ ಬಲದಿಂದ ಕೈ ಕೊಟ್ಟು, ಮೇಜಿನ ಬಳಿ ಹೋಗಿ ಕೈಲಾದಷ್ಟು ದೇಣಿಗೆ ಬರೆಸಿ. ರಸೀದಿ ಕೊಡುತ್ತಾರೆ, ಮೈಕಿನಲ್ಲಿ ಹೆಸರು ಹೇಳುತ್ತಾರೆ. ಮದುವೆಗೆ ಹೋಗದಿದ್ದರೆ ಮರೆತಾರು, ಇದಕ್ಕೆ ಹೋಗದಿದ್ದರೆ ಮರೆಯುವುದಿಲ್ಲ.

ಭಾನುವಾರ ಚರ್ಚಿನ ದಿನ. 2021ರ ಜನಗಣತಿಯಂತೆ ಶೇಕಡಾ 71ರಷ್ಟು ಕ್ರೈಸ್ತರು, 20ರಷ್ಟು ಮುಸ್ಲಿಮರು. ಆಫೀಸಿನ ಸಭೆಯೂ ಪ್ರಾರ್ಥನೆಯಿಂದ ಶುರುವಾಗಬಹುದು. ನಿಮ್ಮ ದೇವರು ಯಾರೆಂದು ನೇರವಾಗಿ ಕೇಳುತ್ತಾರೆ, ನೇರವಾಗಿಯೇ ಹೇಳಿ. ಮೇ, ಜೂನ್ ಹೊತ್ತಿಗೆ ಗಾ ಜನರ ಹೊಮೊವೊ ಹಬ್ಬಕ್ಕೆ ಮೊದಲು ಅಕ್ರಾದಲ್ಲಿ ಸುಮಾರು ಒಂದು ತಿಂಗಳು ಡೋಲು, ಧ್ವನಿವರ್ಧಕಕ್ಕೆ ನಿಷೇಧವಿರುತ್ತದೆ. ಮನೆಯ ಸಮಾರಂಭ ಇಟ್ಟುಕೊಳ್ಳುವ ಮುನ್ನ ದಿನಾಂಕ ವಿಚಾರಿಸಿ.

ಕೆಲಸದ ಜಾಗದಲ್ಲಿ ನಾವು

ಇದನ್ನು ಬಿಚ್ಚಿ ಹೇಳಲೇಬೇಕು. ಶಾಪ್ ಫ್ಲೋರಿನಲ್ಲಿ ಎಲ್ಲರೆದುರು ಕೂಗಾಡುವ ಭಾರತೀಯ ಮ್ಯಾನೇಜರುಗಳನ್ನು ಕಂಡಿದ್ದೇನೆ. ನಮ್ಮ ಬಾಯಲ್ಲಿ ಸಲೀಸಾಗಿ ಬರುವ ಸ್ಟುಪಿಡ್, ಫೂಲ್ ಎಂಬ ಮಾತುಗಳು ಇಲ್ಲಿ ತೀರಾ ದೊಡ್ಡ ಅವಮಾನ. ಹಾಗೆ ಅಂದವರ ಜೊತೆ ಆ ಕೆಲಸಗಾರ ಮತ್ತೆ ಮನಸ್ಸಿಟ್ಟು ದುಡಿಯುವುದಿಲ್ಲ, ಉಳಿದವರೂ ಅಷ್ಟೇ. ತಪ್ಪಿದ್ದರೆ ಒಳಗೆ ಕರೆದು ಹೇಳಿ. ಮನೆಗೆಲಸದವರನ್ನು, ಡ್ರೈವರನ್ನು ಬೆಳಿಗ್ಗೆ ಮಾತಾಡಿಸದೆ ಕಾರಿನಲ್ಲಿ ಹಿಂದೆ ಕೂತು ಫೋನ್ ಹಿಡಿಯುವುದೂ ಅದೇ ಜಾತಿಯ ಅವಮಾನ. ಇಲ್ಲಿನ ಓದಿದವರು ನಮ್ಮ ವರ್ಣಭೇದವನ್ನು ಗಮನಿಸುತ್ತಾರೆ. 2016ರಲ್ಲಿ ಘಾನಾ ವಿಶ್ವವಿದ್ಯಾಲಯದಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆಯನ್ನು, ದಕ್ಷಿಣ ಆಫ್ರಿಕಾದ ದಿನಗಳಲ್ಲಿ ಕಪ್ಪು ಜನರ ಬಗ್ಗೆ ಅವರು ಬರೆದ ಮಾತುಗಳನ್ನು ಮುಂದಿಟ್ಟು ಅಧ್ಯಾಪಕರು ವಿರೋಧಿಸಿದರು. 2018ರ ಡಿಸೆಂಬರಿನಲ್ಲಿ ಅದನ್ನು ತೆಗೆಯಲಾಯಿತು. ಯಾರಾದರೂ ಆ ವಿಷಯ ಎತ್ತಿದರೆ ವಾದಕ್ಕೆ ಇಳಿಯಬೇಡಿ, ಅವರ ಮಾತು ಪೂರ್ತಿ ಕೇಳಿ.

ದೇವಸ್ಥಾನ ಬೇಕೆನ್ನಿಸಿದಾಗ ಅಕ್ರಾದ ಒಡೊರ್ಕೊರ್‌ನಲ್ಲಿರುವ ಹಿಂದೂ ಮಠಕ್ಕೆ ಹೋಗಿ. ಅದನ್ನು 1975ರಲ್ಲಿ ಕಟ್ಟಿದವರು ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ, 2016ರಲ್ಲಿ ತೀರಿಕೊಂಡರು. ಆರತಿ, ಭಜನೆ ಎಲ್ಲ ಘಾನಾದ ಭಕ್ತರೇ ನಡೆಸುತ್ತಾರೆ. ಅಲ್ಲಿ ನೀವು ಅತಿಥಿ. ಪೂಜೆ ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ತಿದ್ದಲು ಹೋಗದೆ ಚಪ್ಪಲಿ ಬಿಟ್ಟು, ಮೊದಲೇ ಕೂತಿರುವವರನ್ನು ಮಾತಾಡಿಸಿ, ಅವರ ಸಾಲಿನಲ್ಲೇ ಕೂತುಕೊಳ್ಳಿ.